ಮೋಟಾರುಕಾರಿನ ಎಚ್ಚರಿಕೆಯ ದೀಪವೂ ಹೊಗೆ ತಪಾಸಣೆಯೂ

ಚಾಲಕನ ಮುಂದಿರುವ ಫಲಕದಲ್ಲಿ ಎಂಜಿನ್ನಿನ ಆಕೃತಿಯ ಹಳದಿ ದೀಪವೊಂದು ಉರಿಯತೊಡಗಿದ ಮಾತ್ರಕ್ಕೆ ಕಾರು ನಿಂತುಬಿಡುವುದಿಲ್ಲ. ಅನೇಕ ವೇಳೆ ಅದರ ಓಟದಲ್ಲಿ ಯಾವ ವ್ಯತ್ಯಾಸವೂ ತೋರಿಬರುವುದಿಲ್ಲ. ಆದರೂ ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಈ ದೀಪ ಉರಿಯುತ್ತಿರುವ ಕಾರು ಹೊಗೆ ತಪಾಸಣೆಯಲ್ಲಿ ತೇರ್ಗಡೆಯಾಗಲಾರದು. ತೇರ್ಗಡೆಯಾಗಬೇಕಾದ ಕಾರು ಆಗದಿದ್ದರೆ ಅದರ ನೋಂದಣಿ ನವೀಕರಣಗೊಳ್ಳದು. ಬಸ್ಸು ರೈಲುಗಳ ಸೌಕರ್ಯ ಅಲ್ಲಿ ಬಹುಕಡೆ ವಿರಳ. ಹಳೆಯ ಕಾರೊಂದನ್ನೇ ನಂಬಿ ದಿನವೂ ದುಡಿಮೆಗೆ ಹೋಗುವವನಿಗೆ ಇದು ಜೀವನೋಪಾಯದ ಪ್ರಶ್ನೆಯಾಗುತ್ತದೆ. ಆದುದರಿಂದಲೇ ದೀಪವನ್ನು ಹೇಗಾದರೂ ಆರಿಸಿ ತಪಾಸಣೆಯನ್ನು ದಾಟಿಬಿಡಬೇಕೆಂಬ ಆಸೆ ಹುಟ್ಟುವುದು. ಆ ಆಸೆ ಏಕೆ ಕೈಗೂಡುವುದಿಲ್ಲ, ಕಾರನ್ನು ನ್ಯಾಯವಾಗಿ ತೇರ್ಗಡೆ ಮಾಡಿಸುವ ಬಗೆ ಯಾವುದು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಮೊದಲು ಹಿನ್ನೆಲೆಯನ್ನು ಕೊಂಚ ನೋಡಬೇಕು. ಲಾಸ್ ಏಂಜಲೀಸ್ ನಗರವನ್ನು ಕವಿದು ಕಣ್ಣುರಿಸುತ್ತಿದ್ದ ಮಬ್ಬಿಗೆ ಕಾರಣವೇನೆಂಬುದನ್ನು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟವನು ಕ್ಯಾಲಿಫೋರ್ನಿಯ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿದ್ದ ಡಚ್ ಮೂಲದ ರಸಾಯನ ವಿಜ್ಞಾನಿ ಆರಿ ಹಾಗನ್-ಸ್ಮಿಟ್. ವಾಹನಗಳೂ ತೈಲ ಶುದ್ಧೀಕರಣ ಕೇಂದ್ರಗಳೂ ಹೊರಸೂಸುವ ಹೈಡ್ರೊಕಾರ್ಬನ್ನುಗಳು ಸಾರಜನಕದ ಆಕ್ಸೈಡುಗಳೊಡನೆ ಬಿಸಿಲಿನಲ್ಲಿ ವರ್ತಿಸಿ ಓಜೋನನ್ನು ಉಂಟುಮಾಡುತ್ತವೆಂದು ಅವನು ಸಾಧಿಸಿದನು. ಅಂದಿನಿಂದ ಕಾರಿನ ಹೊಗೆ ಸರ್ಕಾರದ ಚಿಂತೆಯ ವಿಷಯವಾಯಿತು. ಆ ರಾಜ್ಯದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಹೊಗೆ ತಪಾಸಣೆಯ ಕ್ರಮ 1984ರಲ್ಲಿ ಆರಂಭವಾಯಿತು. ಆಗ ಹೊಗೆಕೊಳವೆಯ ತುದಿಗೆ ಸಲಾಕೆಯನ್ನಿಟ್ಟು ಅನಿಲಗಳನ್ನು ಅಳೆಯುತ್ತಿದ್ದರು. ಈ ಅಳತೆ ಆ ಕೆಲವು ನಿಮಿಷಗಳ ಸ್ಥಿತಿಯನ್ನು ಮಾತ್ರ ತಿಳಿಸುತ್ತದೆ. ಉಳಿದ ಎರಡು ವರ್ಷ ಕಾರು ಹೇಗೆ ನಡೆದುಕೊಂಡಿತೆಂಬುದಕ್ಕೆ ಸಾಕ್ಷಿಯಿಲ್ಲ. ಈ ಕೊರತೆಯನ್ನು ನೀಗಲು ಕಾರಿನೊಳಗಿನ ಗಣಕವನ್ನೇ ಸಾಕ್ಷಿಯಾಗಿ ನಿಲ್ಲಿಸಲಾಯಿತು. 1996ರ ಮಾದರಿಯಿಂದ ಮುಂದಕ್ಕೆ ಆ ದೇಶದಲ್ಲಿ ಮಾರಾಟವಾಗುವ ಕಾರುಗಳಲ್ಲೆಲ್ಲ ದೋಷವನ್ನು ತಾನೇ ಪತ್ತೆಮಾಡಿಕೊಳ್ಳುವ ಏಕರೂಪದ ವ್ಯವಸ್ಥೆಯಿರಬೇಕೆಂದು ವಿಧಿಸಲಾಯಿತು. ಚಾಲಕನ ಮುಂಫಲಕದ ಅಡಿಯಲ್ಲಿ ಹದಿನಾರು ಮೊಳೆಗಳ ಸಂಪರ್ಕ ಗೂಡೊಂದಿರುತ್ತದೆ. ಅದಕ್ಕೆ ಓದುಯಂತ್ರವನ್ನು ಜೋಡಿಸಿದರೆ ಗಣಕ ತನ್ನಲ್ಲಿರುವುದನ್ನು ಒಪ್ಪಿಸುತ್ತದೆ. 2015ರಿಂದ ಕ್ಯಾಲಿಫೋರ್ನಿಯದಲ್ಲಿ 2000 ಹಾಗೂ ಅನಂತರದ ಪೆಟ್ರೋಲು ಕಾರುಗಳಿಗೆ ಕೊಳವೆಯ ಅಳತೆಯನ್ನೇ ಕೈಬಿಟ್ಟು, ಈ ಓದನ್ನೂ ಭಾಗಗಳ ಕಣ್ಣಳತೆಯ ಪರೀಕ್ಷೆಯನ್ನೂ ಮುಖ್ಯವಾಗಿ ಆಶ್ರಯಿಸಲಾಗಿದೆ.

ದೀಪ ಯಾವಾಗ ಉರಿಯುತ್ತದೆ? ಸ್ಥೂಲವಾಗಿ ಹೇಳುವುದಾದರೆ, ಹೊಗೆಯ ಪ್ರಮಾಣ ವಿಧಿಸಿದ ಮಿತಿಯ ಒಂದೂವರೆ ಪಟ್ಟನ್ನು ಮೀರುವಂತಹ ದೋಷ ಕಂಡುಬಂದಾಗ. ಗಣಕ ದುಡುಕುವುದಿಲ್ಲ. ಸಾಮಾನ್ಯವಾಗಿ ಎರಡು ಓಟಗಳಲ್ಲಿ ಒಂದಾದ ಮೇಲೊಂದರಂತೆ ಅದೇ ದೋಷ ಕಂಡ ಮೇಲೆಯೇ ದೀಪವನ್ನು ಹೊತ್ತಿಸಿ ಸಂಕೇತವೊಂದನ್ನು ಬರೆದಿಡುತ್ತದೆ. ದೀಪ ಎಡೆಬಿಡದೆ ಮಿಣುಕುತ್ತಿದ್ದರೆ ವಿಷಯ ಬೇರೆ. ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಹೊತ್ತದೆ ಹೊಗೆಕೊಳವೆಗೆ ನುಗ್ಗಿ ಕ್ರಿಯಾವರ್ಧಕವನ್ನು ಸುಟ್ಟುಹಾಕುವ ಅಪಾಯವಿದೆಯೆಂದು ಅದರ ಅರ್ಥ. ಆಗ ಕಾರನ್ನು ಓಡಿಸುತ್ತ ಹೋಗುವುದು ಸಲ್ಲದು.

ಬಹು ಜನರನ್ನು ಕಾಡುವ ಸಂಕೇತ ಪಿ0420. ಕ್ರಿಯಾವರ್ಧಕದ ಸಾಮರ್ಥ್ಯ ಕುಂದಿದೆಯೆಂದು ಇದರ ತಾತ್ಪರ್ಯ. ಗಣಕಕ್ಕೆ ಇದು ತಿಳಿಯುವ ಬಗೆ ಸ್ವಾರಸ್ಯವಾಗಿದೆ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳನ್ನು ಲೇಪಿಸಿದ ಕ್ರಿಯಾವರ್ಧಕದ ಪಾತ್ರೆಗೆ ಮುಂದೊಂದು ಹಿಂದೊಂದು ಆಮ್ಲಜನಕ ಸಂವೇದಕಗಳಿರುತ್ತವೆ. ಎಂಜಿನ್ನಿಗೆ ಹೋಗುವ ಮಿಶ್ರಣದಲ್ಲಿ ಇಂಧನದ ಪಾಲು ಒಮ್ಮೆ ಹೆಚ್ಚಾಗಿ ಒಮ್ಮೆ ಕಡಿಮೆಯಾಗಿ ತೊನೆಯುತ್ತಿರುತ್ತದೆ. ಮುಂದಿನ ಸಂವೇದಕ, ಹಳೆಯ ಬಗೆಯದಾದರೆ, ಅದಕ್ಕನುಸಾರವಾಗಿ 0.1ರಿಂದ 0.9 ವೋಲ್ಟಿನವರೆಗೆ ಏರಿಳಿಯುತ್ತದೆ. ಪಾತ್ರೆಯೊಳಗಿನ ಸೀರಿಯಂ ಆಕ್ಸೈಡು ಹೆಚ್ಚಾದ ಆಮ್ಲಜನಕವನ್ನು ಹೀರಿಟ್ಟುಕೊಂಡು, ಕೊರತೆಯಾದಾಗ ಬಿಟ್ಟುಕೊಡುತ್ತದೆ. ಆದಕಾರಣ ಹಿಂದಿನ ಸಂವೇದಕಕ್ಕೆ ಆ ತೊನೆದಾಟ ತಲಪುವುದೇ ಇಲ್ಲ. ಪಾತ್ರೆಯ ಧಾರಣಶಕ್ತಿ ನಶಿಸಿದಾಗ ಹಿಂದಿನದೂ ಮುಂದಿನದರಂತೆಯೇ ಕುಣಿಯತೊಡಗುತ್ತದೆ. ಈ ಅನುಕರಣವೇ ದೋಷದ ಸಾಕ್ಷಿ. ಸುದ್ದಿ ತಂದವನನ್ನೇ ದಂಡಿಸುವಂತೆ ಹಿಂದಿನ ಸಂವೇದಕವನ್ನು ಬದಲಾಯಿಸಿ ಹಣ ಕಳೆದುಕೊಂಡವರು ಕೆಲವರಲ್ಲ. ಕೊಳವೆಯಲ್ಲಿ ಬಿರುಕಿದೆಯೇ, ಸಿಲಿಂಡರು ಸರಿಯಾಗಿ ಹೊತ್ತುತ್ತಿದೆಯೇ ಎಂಬುದನ್ನು ಮೊದಲು ನೋಡಬೇಕು. ಅವು ಸರಿಯಿದ್ದರೆ ಪಾತ್ರೆಯನ್ನೇ ಬದಲಿಸಬೇಕು. ಕ್ಯಾಲಿಫೋರ್ನಿಯದಲ್ಲಾದರೋ ಅಲ್ಲಿನ ವಾಯು ಸಂಪನ್ಮೂಲ ಮಂಡಲಿಯ ಒಪ್ಪಿಗೆ ಪಡೆದ ಪಾತ್ರೆಯನ್ನೇ ಹಾಕಿಸಬೇಕು. ಬೇರೆ ರಾಜ್ಯದಿಂದ ಅಗ್ಗಕ್ಕೆ ತರಿಸಿ ಹಾಕಿಸಿದ್ದು ಕಣ್ಣಳತೆಯ ಪರೀಕ್ಷೆಯಲ್ಲೇ ಬಿದ್ದುಹೋಗುತ್ತದೆ.

ಇನ್ನು ಕೆಲವು ದೋಷಗಳು ಅಲ್ಪ. ಪೆಟ್ರೋಲು ಟ್ಯಾಂಕಿನ ಮುಚ್ಚಳ ಸಡಿಲವಾಗಿದ್ದರೂ ಆವಿ ಸೋರಿ ದೀಪ ಉರಿಯಬಹುದು. ಅರ್ಧ ಮಿಲಿಮೀಟರಿನಷ್ಟು ರಂಧ್ರವನ್ನೂ ಇತ್ತೀಚಿನ ಕಾರುಗಳು ಕಂಡುಹಿಡಿಯುತ್ತವೆ.

ಈಗ ಉಪಾಯಗಳ ವಿಷಯ. ಓದುಯಂತ್ರದಿಂದ ಸಂಕೇತವನ್ನು ಅಳಿಸಿದರೆ, ಇಲ್ಲವೆ ಬ್ಯಾಟರಿಯ ತಂತಿಯನ್ನು ಕಳಚಿದರೆ ದೀಪ ಆರುವುದು ನಿಜ. ಆದರೆ ಅದರೊಡನೆ ಗಣಕದ ಸ್ವಯಂಪರೀಕ್ಷೆಗಳ ಫಲಿತಾಂಶಗಳೂ ಅಳಿಸಿಹೋಗುತ್ತವೆ. ಕ್ರಿಯಾವರ್ಧಕ, ಆಮ್ಲಜನಕ ಸಂವೇದಕ, ಆವಿ ನಿಯಂತ್ರಣ ಮೊದಲಾದ ಪ್ರತಿಯೊಂದು ಅಂಗವನ್ನೂ ಗಣಕ ಓಟದ ನಡುವೆ ಪರೀಕ್ಷಿಸಿ, ಮುಗಿದಿದೆಯೆಂದೋ ಮುಗಿದಿಲ್ಲವೆಂದೋ ಗುರುತಿಟ್ಟುಕೊಂಡಿರುತ್ತದೆ. ತಪಾಸಣಾಧಿಕಾರಿ ದೀಪದ ಜೊತೆಗೆ ಈ ಗುರುತುಗಳನ್ನೂ ಓದುತ್ತಾನೆ. 2000 ಹಾಗೂ ಅನಂತರದ ಪೆಟ್ರೋಲು ಕಾರುಗಳಲ್ಲಿ ಆವಿ ನಿಯಂತ್ರಣದ ಪರೀಕ್ಷೆಯೊಂದು ಮಾತ್ರ ಮುಗಿಯದೆ ಉಳಿದಿರಬಹುದು. 1996ರಿಂದ 1999ರವರೆಗಿನವಕ್ಕೆ ಯಾವುದಾದರೂ ಒಂದು. ಬೇರೆ ರಾಜ್ಯಗಳಲ್ಲಿ ಈ ಲೆಕ್ಕ ತುಸು ಬೇರೆ. ಹೀಗಾಗಿ ಬೆಳಿಗ್ಗೆ ಅಳಿಸಿ ಮಧ್ಯಾಹ್ನ ತಪಾಸಣೆಗೆ ಹೋದವನು ಬರಿಗೈಯಲ್ಲಿ ಹಿಂದಿರುಗುವನು. ಬಲ್ಬನ್ನು ಕಿತ್ತರೂ ಫಲವಿಲ್ಲ. ಕೀಲಿಯನ್ನು ತಿರುಗಿಸಿದ ಕ್ಷಣ ದೀಪ ಒಮ್ಮೆ ಉರಿಯಲೇಬೇಕು, ಉರಿಯದಿದ್ದರೆ ಅದೂ ಅನುತ್ತೀರ್ಣವೇ. 2010ರಿಂದೀಚೆಗಿನ ಕಾರುಗಳಲ್ಲಿ ಯಂತ್ರದಿಂದ ಅಳಿಸಲಾಗದ ಶಾಶ್ವತ ಸಂಕೇತಗಳೂ ಇವೆ. ದೋಷ ನಿವಾರಣೆಯಾಗಿದೆಯೆಂದು ಗಣಕ ತಾನೇ ಮನಗಂಡಾಗ ಮಾತ್ರ ಅವು ಅಳಿಯುತ್ತವೆ. 2019ರ ಜುಲೈಯಿಂದ ಕ್ಯಾಲಿಫೋರ್ನಿಯ ಇವನ್ನೂ ಪರಿಗಣಿಸುತ್ತಿದೆ.

ಆದುದರಿಂದ ಸಂಕೇತವನ್ನು ಓದಿ ಬರೆದುಕೊಂಡು, ದೋಷವನ್ನು ಸರಿಪಡಿಸಿ, ಅನಂತರ ಕಾರನ್ನು ಓಡಿಸುವುದೊಂದೇ ದಾರಿ. ಈ ಓಡಾಟ ಹೇಗೆ ಬೇಕಾದರೆ ಹಾಗಿರಲಾಗದು. ರಾತ್ರಿಯೆಲ್ಲ ನಿಂತು ತಣ್ಣಗಾದ ಎಂಜಿನ್ನನ್ನು ಹೊರಡಿಸಿ, ಕೆಲವು ನಿಮಿಷ ನಿಂತಲ್ಲೇ ನಡೆಯಗೊಟ್ಟು, ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗಿ, ಬ್ರೇಕು ಒತ್ತದೆ ವೇಗ ತಾನಾಗಿ ಇಳಿಯುವಂತೆ ಬಿಟ್ಟು, ಊರೊಳಗೂ ಸುತ್ತಬೇಕು. ನಿಖರವಾದ ಕ್ರಮ ತಯಾರಕರಿಂದ ತಯಾರಕರಿಗೆ ಬೇರೆ. ಆವಿಯ ಪರೀಕ್ಷೆ ಎಲ್ಲಕ್ಕಿಂತ ಹಟಮಾರಿ; ಟ್ಯಾಂಕು ತುಂಬಿ ತುಳುಕುವಂತಿದ್ದರೂ ಬರಿದಾಗಿದ್ದರೂ ಅದು ನಡೆಯುವುದೇ ಇಲ್ಲ. ಇದಕ್ಕೆಲ್ಲ ಒಂದು ವಾರ ಹಿಡಿದರೆ ಆಶ್ಚರ್ಯವಿಲ್ಲ. ನೋಂದಣಿಯ ಗಡುವಿನ ಹಿಂದಿನ ದಿನ ಎಚ್ಚೆತ್ತುಕೊಳ್ಳುವವರಿಗೆ ಈ ಶಾಸ್ತ್ರದಿಂದ ಸಹಾಯವಾಗದು. ದುರಸ್ತಿಯ ವೆಚ್ಚ ಹೊರಲಾಗದ ಕಡಿಮೆ ವರಮಾನದವರಿಗೆ ಸರ್ಕಾರದ ನೆರವು ಅಲ್ಲಿ ಉಂಟೆಂಬುದನ್ನು ಮಾತ್ರ ಹೇಳಬೇಕು. ಅದಿಲ್ಲದಿದ್ದರೆ ಈ ಕಟ್ಟುಪಾಡಿನ ಭಾರವೆಲ್ಲ ಹಳೆಯ ಕಾರಿನ ಬಡವನ ಮೇಲೆಯೇ ಬೀಳುತ್ತಿತ್ತು.

ಗಣಕದ ಸಾಕ್ಷ್ಯ ತಯಾರಕನ ಪ್ರಾಮಾಣಿಕತೆಯನ್ನು ಅವಲಂಬಿಸಿದೆಯೆಂಬುದೂ ಸತ್ಯ. ಪರೀಕ್ಷೆ ನಡೆಯುತ್ತಿರುವುದನ್ನು ಗುರುತಿಸಿ ಆಗ ಮಾತ್ರ ಹೊಗೆಯನ್ನು ತಗ್ಗಿಸುವ ಏರ್ಪಾಡು ವೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಕಾರುಗಳಲ್ಲಿ ಇದ್ದುದು 2015ರ ಸೆಪ್ಟೆಂಬರಿನಲ್ಲಿ ಬಯಲಾಯಿತು. ರಸ್ತೆಯ ಮೇಲೆ ಅವುಗಳ ಹೊಗೆಯನ್ನು ಅಳೆದು ಅನುಮಾನಕ್ಕೆ ಎಡೆಮಾಡಿದವರು ವೆಸ್ಟ್ ವರ್ಜೀನಿಯ ವಿಶ್ವವಿದ್ಯಾನಿಲಯದ ಸಂಶೋಧಕರು. ಆ ಕಾರುಗಳಲ್ಲಿ ದೀಪವೇನೂ ಉರಿದಿರಲಿಲ್ಲ.

ಭಾರತದಲ್ಲಿ ಕಾರಿನೊಳಗಿನ ಈ ವ್ಯವಸ್ಥೆಯ ಮೊದಲ ಹಂತ 2010ರ ಏಪ್ರಿಲಿನಿಂದಲೂ ಎರಡನೆಯ ಹಂತ 2013ರ ಏಪ್ರಿಲಿನಿಂದಲೂ ಕಡ್ಡಾಯವಾಗಿ ಬಂದಿತು. ಆದರೆ ಕರ್ನಾಟಕವೂ ಸೇರಿದಂತೆ ನಮ್ಮಲ್ಲಿ ಪೆಟ್ರೋಲು ಬಂಕುಗಳ ಪಕ್ಕದ ಕೇಂದ್ರಗಳು ಕೊಡುವ ಮಾಲಿನ್ಯ ಪ್ರಮಾಣಪತ್ರ ನಿಂತ ಕಾರಿನ ಕೊಳವೆಯ ಅಳತೆಯನ್ನೇ ಆಧರಿಸಿದೆ. ಪೆಟ್ರೋಲು ಕಾರಿನಲ್ಲಿ ಇಂಗಾಲದ ಮಾನಾಕ್ಸೈಡನ್ನೂ ಹೈಡ್ರೊಕಾರ್ಬನ್ನುಗಳನ್ನೂ ಅಳೆಯುತ್ತಾರೆ, ಸಾರಜನಕದ ಆಕ್ಸೈಡುಗಳನ್ನು ಅಳೆಯುವುದಿಲ್ಲ. ಟ್ಯಾಂಕಿನ ಆವಿ ಸೋರುತ್ತಿದ್ದರೆ ಅದು ಕೊಳವೆಯ ಸಲಾಕೆಗೆ ಸಿಕ್ಕುವುದೂ ಇಲ್ಲ. ಹಳದಿ ದೀಪ ಉರಿಯುತ್ತಿರುವಾಗಲೇ ಕಾರೊಂದು ಇಲ್ಲಿ ಪ್ರಮಾಣಪತ್ರವನ್ನು ಪಡೆದು ಹೊರಬರಬಹುದು.