ಬೆನ್ನಿಗೆ ಬಿದ್ದ ಮನೆ

ಜುಲೈ ತಿಂಗಳ ಶುಕ್ರವಾರ ಬೆಳಿಗ್ಗೆ ಜಾಕ್ಸನ್ ಊರಿನ ಪೆಟ್ರೋಲ್ ಬಂಕಿನಲ್ಲಿ ನಿಂತು ನೋಡಬೇಕು. ಅರ್ಧ ಕ್ಯಾಲಿಫೋರ್ನಿಯಾ ಗಂಟುಮೂಟೆ ಕಟ್ಟಿಕೊಂಡು ಸಿಯೆರಾ ಬೆಟ್ಟ ಹತ್ತಲು ಹೊರಟಿರುತ್ತದೆ. ದೊಡ್ಡ ಪಿಕಪ್ ಟ್ರಕ್ಕುಗಳ ಹಿಂದೆ ಮೂವತ್ತಡಿ ಉದ್ದದ ಟ್ರೇಲರುಗಳು, ಅವುಗಳ ಬೆನ್ನಿಗೆ ಸೈಕಲ್ಲು, ನೆತ್ತಿಯ ಮೇಲೆ ದೋಣಿ. ಏರ್‌ಸ್ಟ್ರೀಮ್ ಟ್ರೇಲರಿನ ಅಲ್ಯೂಮಿನಿಯಂ ಮೈ ಬಿಸಿಲಿಗೆ ಕಣ್ಣು ಕುಕ್ಕುತ್ತದೆ. ಇಷ್ಟು ದೈತ್ಯರ ನಡುವೆ ಒಂದು ಟೊಯೋಟಾ ಹೈಲ್ಯಾಂಡರ್, ಅದರ ಹಿಂದೆ ಹದಿನಾರು ಅಡಿಯ, ಮೂಲೆಗಳೇ ಇಲ್ಲದ ಬಿಳಿ ಸ್ಕ್ಯಾಂಪ್ ಟ್ರೇಲರ್. ಫ್ರೀಮಾಂಟಿನ ಅಕ್ಕ-ಭಾವನ ಸಂಸಾರ. ಹೊರಟಿರುವುದು 88ನೇ ಹೆದ್ದಾರಿಯಲ್ಲಿ ಕಾರ್ಸನ್ ಪಾಸ್ ದಾಟಿ, 395ನ್ನು ಹಿಡಿದು, ಜೂನ್ ಲೇಕ್ ಎಂಬ ಕೆರೆಯ ದಡಕ್ಕೆ. ಸುಮಾರು 300 ಮೈಲಿ.

ಸ್ಕ್ಯಾಂಪ್ ಹುಟ್ಟುವುದು ಮಿನೆಸೋಟದ ಬ್ಯಾಕಸ್ ಎಂಬ ಪುಟ್ಟ ಊರಿನಲ್ಲಿ. ಫೈಬರ್‌ಗ್ಲಾಸಿನ ಎರಡು ಹೋಳುಗಳನ್ನು ಅಚ್ಚಿನಲ್ಲಿ ರೂಪಿಸಿ ಸೊಂಟದ ಮಟ್ಟದಲ್ಲಿ ಕೂಡಿಸುತ್ತಾರೆ. ಈ ಉಪಾಯವನ್ನು ಮೊದಮೊದಲು ಮಾಡಿ ತೋರಿಸಿದವುಗಳಲ್ಲಿ ಒಂದು 1968ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ತಯಾರಾದ ಬೋಲರ್ ಟ್ರೇಲರ್. ಸೂರಿನ ಅಂಚಿನಲ್ಲಿ ಬೆಸುಗೆ ಇಲ್ಲದ್ದರಿಂದ ಮಳೆ ಸೋರುವ ಕಾಟ ಕಡಿಮೆ. ಮೈ ಹಗುರ. ಸಾಮಾನು, ನೀರು, ಗ್ಯಾಸು ಎಲ್ಲ ತುಂಬಿಕೊಂಡರೂ ಭಾವನ ಟ್ರೇಲರ್ ಟ್ರಕ್ ನಿಲ್ದಾಣದ ವೇಬ್ರಿಡ್ಜ್ ಮೇಲೆ 2,600 ಪೌಂಡ್ ತೂಗಿತ್ತು, ಅಂದರೆ ಸುಮಾರು 1,180 ಕೆಜಿ. ಹೈಲ್ಯಾಂಡರಿನ ವಿ6 ಎಂಜಿನ್‌ಗೆ ಕಂಪನಿ ಹೇಳುವ ಎಳೆಯುವ ಮಿತಿ 5,000 ಪೌಂಡ್. ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಕಾಗದದ ಮೇಲೆ ಇದು ಹೂ ಎತ್ತಿದಷ್ಟು ಸಲೀಸು.

ಬಂಕಿನಿಂದ ಹೊರಡುವ ಮುಂಚೆ ಭಾವ ಒಂದು ಪ್ರದಕ್ಷಿಣೆ ಹಾಕುತ್ತಾರೆ. ಮೊದಲು ಗಾಡಿಯ ಹಿಂಭಾಗದಲ್ಲಿ ಚಾಚಿಕೊಂಡ, ಗ್ರೀಸ್ ಮೆತ್ತಿದ ಎರಡಿಂಚಿನ ಉಕ್ಕಿನ ಗುಂಡು. ಅದರ ಮೇಲೆ ಟ್ರೇಲರಿನ ಮೂತಿ ಟೊಪ್ಪಿಯಂತೆ ಕೂತಿದೆ. ಕೂತರೆ ಸಾಲದು, ಬಾಯಿ ಕಚ್ಚಿರಬೇಕು. ಅದನ್ನು ತಿಳಿಯಲು ಜಾಕ್ ತಿರುಗಿಸಿ ಮೂತಿಯನ್ನು ಮೇಲಕ್ಕೆತ್ತುತ್ತಾರೆ. ಗುಂಡೂ ಜೊತೆಗೇ ಎದ್ದು ಗಾಡಿಯ ಹಿಂಬದಿ ಒಂದಂಗುಲ ಮೇಲೆ ಬಂದರೆ ಸರಿ, ಹಿಡಿತ ಗಟ್ಟಿ. ಅಡಿಯಲ್ಲಿ ಎರಡು ಸರಪಳಿ, ಒಂದರ ಮೇಲೊಂದು ಅಡ್ಡಡ್ಡ. ಮೂತಿ ಕಳಚಿ ಬಿದ್ದರೂ ನೆಲಕ್ಕೆ ಕುಕ್ಕದೆ ಸರಪಳಿಗಳ ಮೇಲೆ ಬಿದ್ದಿರಲಿ ಎಂದು ಆ ಅಡ್ಡ ಕಟ್ಟು. ಪಕ್ಕದಲ್ಲೊಂದು ಸಣ್ಣ ಉಕ್ಕಿನ ಎಳೆ. ಸರಪಳಿಯೂ ಹರಿದು ಟ್ರೇಲರ್ ತನ್ನ ದಾರಿ ತಾನು ಹಿಡಿದರೆ ಈ ಎಳೆ ಪಿನ್ನನ್ನು ಕಿತ್ತುಕೊಳ್ಳುತ್ತದೆ. ಆಗ ಟ್ರೇಲರಿನದೇ ಬ್ಯಾಟರಿ ಅದರ ಬ್ರೇಕುಗಳನ್ನು ಬಿಗಿಯುತ್ತದೆ. ಕೊನೆಗೆ ಏಳು ಪಿನ್ನಿನ ಪ್ಲಗ್ಗು.

"ಬ್ರೇಕ್ ಹಾಕ್ರೀ," ಅಂತ ಹಿಂದಿನಿಂದ ಅಕ್ಕ. "ಹೂಂ, ಬಂತು. ಎಡಗಡೆ? ಬಂತು. ಬಲಗಡೆ... ರೀ, ಬಲಗಡೆ ಹಾಕಿ ಅಂದೆ."

"ಹಾಕಿದೀನಿ ಕಣೆ."

"ಉರೀತಿಲ್ಲ."

ಪ್ಲಗ್ಗನ್ನು ಕಿತ್ತು, ಬಾಯಿಂದ ಧೂಳು ಊದಿ, ಮತ್ತೆ ಒತ್ತಿದಾಗ ಬಲಗಡೆಯ ದೀಪ ಮಿಣುಕುತ್ತದೆ.

ಘಟ್ಟ ಶುರುವಾಗುವುದೇ ತಡ, ಗಾಡಿಯ ದನಿ ಬದಲಾಗುತ್ತದೆ. ಟರ್ಬೋ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿ ಎತ್ತರಕ್ಕೆ ನೂರಕ್ಕೆ ಮೂರರಷ್ಟು ಕಸುವು ಕಳೆದುಕೊಳ್ಳುತ್ತದೆ. ಕಾರ್ಸನ್ ಪಾಸ್ ಇರುವುದು 8,500 ಅಡಿಗೂ ಮೇಲೆ. ಕೆಳಗೆ 295 ಕುದುರೆಗಳ ಶಕ್ತಿ ಇದ್ದದ್ದು ಅಲ್ಲಿ 220ರ ಆಸುಪಾಸಿಗೆ ಇಳಿದಿರುತ್ತದೆ. ಹೊರೆ ಮಾತ್ರ ಒಂದು ಪೌಂಡೂ ಇಳಿದಿಲ್ಲ. ಟ್ಯಾಕೋಮೀಟರಿನ ಮುಳ್ಳು ನಾಲ್ಕು ಸಾವಿರದ ಮೇಲೆ ನಿಂತು, ಎಂಜಿನ್ ಅರಚುತ್ತದೆ. ಪೈನ್ ಮರಗಳ ಸಾಲು ನಿಧಾನವಾಗಿ ಹಿಂದೆ ಸರಿಯುತ್ತದೆ. ಗ್ಯಾಲನ್ನಿಗೆ 24 ಮೈಲಿ ಕೊಡುತ್ತಿದ್ದ ಗಾಡಿ ಹದಿನಾಲ್ಕಕ್ಕೆ ಬಂದಿದೆ. ಕನ್ನಡಿಯಲ್ಲಿ ಐದಾರು ಕಾರುಗಳ ಬಾಲ. ಎರಡೇ ಪಥದ ರಸ್ತೆಯಲ್ಲಿ ನಿಧಾನದ ಗಾಡಿಯ ಬೆನ್ನಿಗೆ ಐದು ವಾಹನ ಸೇರಿದರೆ ಜಾಗ ಸಿಕ್ಕಲ್ಲಿ ಬದಿಗೆ ಸರಿದು ದಾರಿ ಬಿಡಬೇಕೆನ್ನುವುದು ಇಲ್ಲಿನ ಕಾನೂನು. ಭಾವ ಬದಿಗೆ ಸರಿಯುತ್ತಾರೆ. ದಾಟಿ ಹೋಗುವವರಲ್ಲಿ ಕೆಲವರು ಕೈ ಬೀಸುತ್ತಾರೆ, ಕೆಲವರು ಹಾರ್ನ್ ಒತ್ತುತ್ತಾರೆ.

ಏರುವಾಗ ಎಂಜಿನ್ನಿಗೆ ಕೆಲಸ, ಇಳಿಯುವಾಗ ಚಾಲಕನಿಗೆ. ಪಾಸಿನ ಆಚೆ ಬದಿಯಲ್ಲಿ ರಸ್ತೆ ನೆವಾಡದ ಬಯಲಿಗೆ ಜಾರುತ್ತದೆ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಅರ್ಧ ದಾರಿಯಲ್ಲೇ ಸುಟ್ಟ ವಾಸನೆ, ಆಮೇಲೆ ಪೆಡಲ್ ಒತ್ತಿದರೂ ಹಿಡಿಯದ ಬ್ರೇಕು. ಅದಕ್ಕೇ ಇಳಿಜಾರು ಶುರುವಾಗುವ ಮುನ್ನವೇ ಗೇರು ಮೂರಕ್ಕೆ. ಎಂಜಿನ್ನೇ ಜಗ್ಗಿ ಹಿಡಿಯಲಿ. ವೇಗ ಏರಿದಾಗ ಒಮ್ಮೆ ಗಟ್ಟಿಯಾಗಿ ಒತ್ತಿ, ಇಳಿದ ಮೇಲೆ ಬಿಟ್ಟು, ಬ್ರೇಕಿಗೆ ಆರಲು ಪುರುಸೊತ್ತು ಕೊಡುತ್ತಾರೆ. ಭಾವನ ಮೊಣಕಾಲಿನ ಪಕ್ಕದಲ್ಲಿ ಬೆಂಕಿಪೆಟ್ಟಿಗೆಯಷ್ಟಿರುವ ಬ್ರೇಕ್ ಕಂಟ್ರೋಲರ್ ಇದೆ. ಕಾಲು ಒತ್ತಿದಾಗ ಟ್ರೇಲರಿನ ವಿದ್ಯುತ್ ಬ್ರೇಕಿಗೂ ಪಾಲು ಕಳಿಸುವುದು ಅದರ ಕೆಲಸ.

395ರಲ್ಲಿ ವಾಕರ್ ನದಿಯ ಕಣಿವೆ ಬರುತ್ತದೆ. 1997ರ ಜನವರಿಯ ಪ್ರವಾಹದಲ್ಲಿ ನದಿ ಈ ರಸ್ತೆಯನ್ನೇ ಮೈಲಿಗಟ್ಟಲೆ ಕೊಚ್ಚಿಕೊಂಡು ಹೋಗಿತ್ತು. ಈಗ ನೀರು ಸಾಧು. ಹೆದರಿಕೆ ಇರುವುದು ಗಾಳಿಯದ್ದು. ಮಧ್ಯಾಹ್ನವಾದ ಮೇಲೆ ಸಿಯೆರಾ ಸಾಲಿನಿಂದ ಇಳಿಯುವ ಗಾಳಿ ರಸ್ತೆಗೆ ಅಡ್ಡಲಾಗಿ ಬೀಸುತ್ತದೆ. ಕಣಿವೆಯ ಗೋಡೆ ಮುಗಿದು ಬಯಲು ತೆರೆದ ಕಡೆ ಟ್ರೇಲರಿಗೆ ಪಕ್ಕದಿಂದ ಗುದ್ದು ಬೀಳುತ್ತದೆ. ಅದರ ಬಾಲ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಸ್ಟೀರಿಂಗಿನಲ್ಲಿ ಅದು ಬೆರಳಿಗೇ ಗೊತ್ತಾಗುತ್ತದೆ. ಹೀಗೆ ಅಲುಗಿದಾಗ ಗಾಬರಿಯಿಂದ ಗಾಡಿಯ ಬ್ರೇಕ್ ಒತ್ತಬಾರದು, ಎದುರುಬದುರು ಸ್ಟೀರಿಂಗ್ ತಿರುಗಿಸಲೂಬಾರದು. ಭಾವ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಾರೆ, ಕಂಟ್ರೋಲರಿನ ಸಣ್ಣ ಹಿಡಿಯನ್ನು ಬೆರಳಿನಿಂದ ಒತ್ತುತ್ತಾರೆ. ಟ್ರೇಲರಿನ ಬ್ರೇಕು ಮಾತ್ರ ಹಿಡಿಯುತ್ತದೆ. ಹಿಂದಿನಿಂದ ಜಗ್ಗಿದಂತಾಗಿ ಎರಡೂ ಮತ್ತೆ ಒಂದೇ ಗೆರೆಗೆ ಬರುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ಗಂಟೆಗೆ 55 ಮೈಲಿಯ ಮಿತಿ ಯಾಕೆಂದು ಆ ಒಂದು ಗಳಿಗೆಯಲ್ಲಿ ಮನದಟ್ಟಾಗುತ್ತದೆ.

ಕಾನ್ವೇ ಸಮ್ಮಿಟ್ ದಾಟುತ್ತಲೇ ಕೆಳಗೆ ಮೋನೋ ಲೇಕ್ ಕಾಣುತ್ತದೆ. ಹೊರಹೋಗಲು ದಾರಿಯಿಲ್ಲದ, ಸಮುದ್ರಕ್ಕಿಂತ ಉಪ್ಪಾದ ನೀರು. ಅದರ ದಂಡೆಯಲ್ಲಿ ಸುಣ್ಣದ ಹುತ್ತಗಳು. ಹಿಂದಿನ ಸೀಟಿನಲ್ಲಿದ್ದವರೆಲ್ಲ ಫೋನ್ ಎತ್ತುತ್ತಾರೆ. ಭಾವ ಮಾತ್ರ ಕನ್ನಡಿ ಬಿಟ್ಟು ಬೇರೆ ಏನನ್ನೂ ನೋಡುವುದಿಲ್ಲ.

ಕ್ಯಾಂಪ್‌ಗ್ರೌಂಡಿನಲ್ಲಿ ಸಂಜೆಯ ಮನರಂಜನೆಯೆಂದರೆ ಹೊಸಬರು ಟ್ರೇಲರನ್ನು ರಿವರ್ಸ್ ತೆಗೆದುಕೊಳ್ಳುವುದು. ಅಕ್ಕಪಕ್ಕದವರು ಮಡಚುವ ಕುರ್ಚಿಗಳಲ್ಲಿ ಕಾಲು ಚಾಚಿ ಕೂತಿರುತ್ತಾರೆ. ಗಾಡಿಯನ್ನು ಎಡಕ್ಕೆ ತಿರುಗಿಸಿದರೆ ಟ್ರೇಲರಿನ ಹಿಂಬದಿ ಬಲಕ್ಕೆ. ಟ್ರೇಲರ್ ಚಿಕ್ಕದಾದಷ್ಟೂ ಅದರ ಹಟ ಜಾಸ್ತಿ. ಉದ್ದನೆಯದು ನಿಧಾನಕ್ಕೆ ಮಣಿಯುತ್ತದೆ, ಪುಟ್ಟದು ಕ್ಷಣದಲ್ಲಿ ಅಡ್ಡ ತಿರುಗಿ ಗಾಡಿಯ ಪಕ್ಕೆಗೇ ತಿವಿಯಲು ಬರುತ್ತದೆ. ಬಲ್ಲವರು ಸ್ಟೀರಿಂಗಿನ ಕೆಳತುದಿಯನ್ನು ಹಿಡಿಯುತ್ತಾರೆ. ಆಗ ಕೈ ಯಾವ ಕಡೆ ಹೋಯಿತೋ ಟ್ರೇಲರಿನ ಬಾಲವೂ ಆ ಕಡೆಗೇ.

"ಬನ್ನಿ, ಬನ್ನಿ... ರೀ, ನಿಲ್ಲಿಸಿ! ಮೇಜಿಗೆ ಬಡಿಯತ್ತೆ."

"ಯಾವ ಕಡೆಗೆ ಅಂತ ಹೇಳು."

"ಆ ಕಡೆಗೆ."

"ಆ ಕಡೆ ಅಂದ್ರೆ ಯಾವ ಕಡೆನೇ?"

"ಕರಡಿ ಪೆಟ್ಟಿಗೆ ಕಡೆಗೆ!"

ಕರಡಿ ಪೆಟ್ಟಿಗೆ ಎಂದರೆ ಊಟದ ಸಾಮಾನು ಬಚ್ಚಿಡುವ ಕಬ್ಬಿಣದ ಪೆಟ್ಟಿಗೆ. ಪ್ರತಿ ಜಾಗದಲ್ಲೂ ಒಂದಿರುತ್ತದೆ. ಆಮೇಲೆ ರಸಮಟ್ಟದ ಗುಳ್ಳೆ ನೋಡಿ ಒಂದು ಚಕ್ರದಡಿ ಹಲಗೆ, ಚಕ್ರಗಳಿಗೆ ಅಡ್ಡಗಟ್ಟೆ, ನಂತರವೇ ಗುಂಡಿನಿಂದ ಬಿಡುಗಡೆ. ಈ ಕ್ರಮ ತಪ್ಪಿದರೆ ಮನೆ ಕೆರೆಯ ಕಡೆ ಹೊರಡುತ್ತದೆ. ಒಳಗೆ ಎರಡು ಒಲೆ, 12 ಗ್ಯಾಲನ್ ನೀರು. ಸುಮಾರು 7,600 ಅಡಿ ಎತ್ತರದ ಆ ಜಾಗದಲ್ಲಿ ನೀರು 92 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಗ ಬೇಯುವುದಿಲ್ಲ. ಅಕ್ಕನ ಕುಕ್ಕರ್ ಸೀಟಿ ಹೊಡೆದಾಗ ಕುರ್ಚಿಯವರೆಲ್ಲ ಬೆಚ್ಚಿ ಈ ಕಡೆ ತಿರುಗುತ್ತಾರೆ.

ಸೀಟಿಯ ಸದ್ದು ಹಿಡಿದುಕೊಂಡೇ ಬಂದವನು ಹಾವೇರಿ ಕಡೆಯ ಹುಡುಗ. ಜೊತೆಗೆ ಊರಿಂದ ಬಂದ ಅವನ ಅಪ್ಪ.

"ಸರ್, ನಮ್ಮದೂ ಇದ ಗಾಡಿರೀ. ಐದು ಸಾವಿರ ಪೌಂಡ್ ಎಳೀತೈತಿ ಅಂತಾರ. ಇದಕ್ಕಿಂತ ದೊಡ್ಡ ಟ್ರೇಲರ್ ತಗೋಬೇಕಂತ ಮಾಡೀವಿ."

"ಮನೇಲಿ ಎಷ್ಟು ಜನ?"

"ಅಪ್ಪ, ಅವ್ವ, ನಾವಿಬ್ರು, ಹುಡುಗ್ರು ಇಬ್ರು."

ಭಾವ ಮಾತಾಡದೆ ತಮ್ಮ ಗಾಡಿಯ ಬಾಗಿಲು ತೆಗೆದು ಚೌಕಟ್ಟಿಗೆ ಅಂಟಿಸಿದ ಚೀಟಿ ತೋರಿಸಿದರು. ಜನ, ಸಾಮಾನು ಸೇರಿ ಗಾಡಿ ಹೊರಬಹುದಾದದ್ದು 1,400 ಪೌಂಡಿನ ಆಸುಪಾಸು. ಜಾಹೀರಾತಿನ 5,000ದ ಅಂಕಿ ಬರುವ ಪರೀಕ್ಷೆಯೇ ಬೇರೆ. ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ ಹನ್ನೊಂದು ಮೈಲಿಗೂ ಉದ್ದದ ಏರಿನಲ್ಲಿ, ಏಸಿ ಪೂರ್ತಿ ಹಾಕಿ, ಒಳಗೆ ಇಬ್ಬರದಷ್ಟೇ ಭಾರ ಇಟ್ಟು ಎಳೆಸುತ್ತಾರೆ. ಅಲ್ಲಿ ಅವ್ವನೂ ಇಲ್ಲ, ಹುಡುಗರೂ ಇಲ್ಲ. ಟ್ರೇಲರಿನ ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಗುಂಡಿನ ಮೇಲೆ ಕೂರಬೇಕು. ಹತ್ತಕ್ಕಿಂತ ಕಡಿಮೆಯಾದರೆ ಬಾಲ ಅಲ್ಲಾಡುತ್ತದೆ. 4,500 ಪೌಂಡಿನ ಟ್ರೇಲರಾದರೆ ಗುಂಡಿನ ಮೇಲೇ 450ರಿಂದ 675 ಪೌಂಡ್. ಅದೂ ಗಾಡಿ ಹೊರುವ ಲೆಕ್ಕಕ್ಕೇ ಸೇರುತ್ತದೆ. ಉಳಿದದ್ದರಲ್ಲಿ ಆರು ಜನ, ಐಸ್ ಪೆಟ್ಟಿಗೆ, ಕುರ್ಚಿ, ಕುಕ್ಕರ್.

ಅಷ್ಟರಲ್ಲಿ ಹಿರಿಯರು ಟ್ರೇಲರಿನ ಮೂತಿಯ ಬಳಿ ಕುಕ್ಕರಗಾಲಲ್ಲಿ ಕೂತು ಅಚ್ಚಿನ ಜಾಗ, ಮೂತಿಯ ಉದ್ದ ಎಲ್ಲ ಅಳೆದು ನೋಡುತ್ತಿದ್ದರು.

"ಮುಂಭಾರ ಇಟ್ಟೀರಲ್ಲ, ಚಲೋ ಆತು," ಎಂದರು. "ನಮ್ಮ ಚಕ್ಕಡಿನೂ ಹಿಂಗ. ಮುಂದ ಭಾಳಾದ್ರ ಎತ್ತಿನ ಹೆಗಲು ಕೀಳತೈತಿ. ಹಿಂದ ಭಾಳಾದ್ರ ನೊಗ ಎತ್ತಿ ಎತ್ತಿನ ಕೊರಳು ಹಿಸುಕತೈತಿ. ಹೇರೋದ್ರಾಗ ಐತ್ರೀ ಎಲ್ಲಾ, ಎಳ್ಯಾದ್ರಾಗ ಏನಿಲ್ಲ."

ಮಗ ಇನ್ನೂ ಚೀಟಿಯ ಮುಂದೆ ಬಗ್ಗಿ ಬೆರಳು ಮಡಚುತ್ತಿದ್ದ. "ಹಂಗಾದ್ರ ದೊಡ್ಡದು ಬ್ಯಾಡೇನ್ರೀ?"

"ದೊಡ್ಡದೇ ಬೇಕಂದ್ರೆ ದೊಡ್ಡ ಟ್ರಕ್ ತಗೋಬೇಕು," ಎಂದರು ಭಾವ. "ಇದೇ ಗಾಡಿ ಸಾಕಂದ್ರೆ ಇಂಥದ್ದು ಒಂದು ತಗೊಂಡು, ಮಕ್ಕಳಿಗೆ ಹೊರಗೆ ಡೇರೆ ಹಾಕಿಬಿಡಿ."

"ಹುಡುಗ್ರ ಜೋಡಿ ಡೇರೆದಾಗ ನಾನೂ ಮಲಗತೇನಿ ತಗೋ," ಅಂದರು ಹಿರಿಯರು. "ಒಳಗ ನಿಮ್ಮವ್ವನ ಗೊರಕಿ ಯಾರು ಕೇಳಬೇಕು?"