ಕುಡಗೋಲು ಸಂತೆಯಿಂದ ತರಬೇಡಿ, ಕೈ ಅಳತೆ ಕೊಟ್ಟು ಮಾಡಿಸಿ

ಹೋದ ವರ್ಷ ತೊಗರಿ ಕೊಯ್ಲಿನ ಮೂರನೇ ದಿನ ನಮ್ಮವ್ವನ ಬೆರಳಿಗೆ ಕುಡಗೋಲು ಬಡಿಯಿತು. ಮೂರು ಹೊಲಿಗೆ ಬಿದ್ದವು. ಹೊಸ ಕುಡಗೋಲು, ಅದೇ ವಾರ ಸಂತೆಯಲ್ಲಿ ತಂದದ್ದು, ಬಾಯಿಯೂ ಚೂಪಾಗಿತ್ತು. ಹಾಗಾದರೆ ಜಾರಿದ್ದು ಯಾಕೆ? ಅವ್ವ ಎಡಗೈಯವಳು. ಕುಡಗೋಲು ಬಲಗೈಯವರದ್ದು.

ಸಂತೆಯಲ್ಲಿ ಸಿಗುವ ಬಹಳಷ್ಟು ಕುಡಗೋಲಿಗೆ ಒಂದೇ ಮಗ್ಗುಲಿಗೆ ಮಸೆದಿರ್ತಾರೆ, ಇಲ್ಲಾ ಒಂದೇ ಮಗ್ಗುಲಿಗೆ ಹಲ್ಲು ಕಡೆದಿರ್ತಾರೆ. ಅದನ್ನು ಎಡಗೈಯಲ್ಲಿ ಹಿಡಿದರೆ ಮಸೆದ ಮಗ್ಗುಲು ತಿರುಗಿಬಿಡುತ್ತದೆ. ಅಲಗು ಕಾಂಡದೊಳಗೆ ನೇರ ಹೋಗದೆ ಜಾರುತ್ತದೆ. ಮೂವತ್ತು ವರ್ಷ ಅವ್ವ ಮಣಿಕಟ್ಟು ತಿರುಚಿಕೊಂಡೇ ಕೊಯ್ದಿದ್ದಾಳೆ. ಕೇಳಿದರೆ, "ಇರ್ಲಿ ಬಿಡೋ, ಕುಡಗೋಲೇನ್ ಕೈ ನೋಡ್ತದಾ?" ಅಂದಳು.

ನೋಡುತ್ತದೆ. ನಾನು ಊರಿನ ಕಂಬಾರ ಕಾಕಾನ ಹತ್ತಿರ ಹೋಗಿ, ಎಡಗೈ ಕುಡಗೋಲು ಆಗ್ತದೇನು ಅಂತ ಕೇಳಿದೆ. ಅವರು ನಕ್ಕರು. "ಆಗದೇನು ತಮ್ಮಾ? ಇಷ್ಟು ವರ್ಷ ಯಾರೂ ಕೇಳೇ ಇಲ್ಲ. ಕೇಳಿದ್ರ ಮಾಡ್ತಿದ್ದೆ."

ಯೂಟ್ಯೂಬ್‌ನಲ್ಲಿ ಹೊರದೇಶದವರು ಗಿರಾಕಿಯ ಕೈ ಅಳತೆ ತಗೊಂಡು ಚಾಕು ಮಾಡಿ ದೊಡ್ಡ ಬೆಲೆಗೆ ಮಾರೋದನ್ನು ನೀವೂ ನೋಡಿರ್ತೀರಿ. ಅವರು ಬಹಳ ಹೊಗಳುವ 'ವುಟ್ಜ್' ಉಕ್ಕು ನಮ್ಮ ದಕ್ಷಿಣ ಭಾರತದ್ದು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಅದರ ಮೇಲೆ ಪ್ರಬಂಧ ಮಂಡಿಸಿದರು. ಆ ಹೆಸರು ನಮ್ಮ 'ಉಕ್ಕು' ಪದದಿಂದಲೇ ಬಂದಿರಬೇಕು ಅಂತ ಅನೇಕ ವಿದ್ವಾಂಸರು ಹೇಳ್ತಾರೆ. ಅಳತೆ ಕೊಟ್ಟು ಮಾಡಿಸುವ ಕೆಲಸ ನಮ್ಮೂರ ಕುಲುಮೆಯಲ್ಲೂ ಆಗುತ್ತದೆ. ನಾವು ಕೇಳಬೇಕಷ್ಟೆ. ಏನೇನು ಕೇಳಬೇಕು ಅಂತ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಕಬ್ಬಿಣ ಯಾವುದು?

ವಾಡಿ, ಸೇಡಂ ಕಡೆ ಸಿಮೆಂಟ್ ಲಾರಿ, ಶಹಾಬಾದ್ ಕಡೆ ಕಲ್ಲಿನ ಲಾರಿ ಓಡ್ತಾನೇ ಇರ್ತವೆ. ಅವುಗಳ ಹಳೆ ಕಮಾನ್ ಪಟ್ಟಿ ಗುಜರಿಯಲ್ಲಿ ಸಿಗುತ್ತದೆ. ಕುಡಗೋಲಿಗೆ ಅದು ಒಳ್ಳೆಯ ಉಕ್ಕು. ಅದರಲ್ಲಿ ಇಂಗಾಲ ಸುಮಾರು ಶೇ. 0.5ರಿಂದ 0.6ರಷ್ಟು ಇರುವುದರಿಂದ ಹದ ಹಿಡಿಯುತ್ತದೆ, ಬಾಯಿ ಬೇಗ ಮೊಂಡಾಗೋದಿಲ್ಲ. ಮನೆ ಕಟ್ಟುವ ಸರಳಿನಲ್ಲಿ ಇಂಗಾಲ ಕಡಿಮೆ, ಎಷ್ಟು ಮಸೆದರೂ ಬಾಯಿ ನಿಲ್ಲೋದಿಲ್ಲ. ಗುರುತು ಬೇಕಾದರೆ ಗ್ರೈಂಡರ್‌ಗೆ ಹಿಡಿದು ನೋಡ್ರಿ. ಕಮಾನ್ ಪಟ್ಟಿಯ ಕಿಡಿ ತುದಿಯಲ್ಲಿ ಕವಲೊಡೆದು ಸಿಡಿಯುತ್ತದೆ, ಸರಳಿನ ಕಿಡಿ ಉದ್ದಕ್ಕೆ ಗೆರೆಯಂತೆ ಹೋಗುತ್ತದೆ. ಮುರಿದ ಪಟ್ಟಿಯಾದರೆ ಮುರಿದ ಜಾಗದ ಹತ್ತಿರದ ತುಂಡು ಬೇಡ. ಕಣ್ಣಿಗೆ ಕಾಣದ ಬಿರುಕು ಅಲ್ಲಿರುತ್ತದೆ.

ಹದ ಹೇಗೆ?

ಬಡಿದು ಆಕಾರ ಬಂದ ಮೇಲೆ ಅಲಗನ್ನು ಕೆಂಪಗೆ ಕಾಯಿಸ್ತಾರೆ. ಹಳೆ ಸ್ಪೀಕರಿನ ಅಯಸ್ಕಾಂತ ಹತ್ತಿರ ಹಿಡಿದರೆ ಸುಮಾರು 770 ಡಿಗ್ರಿ ದಾಟಿದಾಗ ಅದು ಅಂಟೋದಿಲ್ಲ. ಅದಕ್ಕಿಂತ ಇನ್ನಷ್ಟು ಕಾಯಿಸಿ ಎಣ್ಣೆಯಲ್ಲಿ ಅದ್ದಬೇಕು. ಕಮಾನ್ ಪಟ್ಟಿಯನ್ನು ತಣ್ಣೀರಿನಲ್ಲಿ ಅದ್ದಿದರೆ ಬಿರುಕು ಬಿಡುವ ಭಯ ಜಾಸ್ತಿ.

ಇಷ್ಟಕ್ಕೇ ಬಿಟ್ಟರೆ ಅಲಗು ಗಾಜಿನಂತೆ ಗಡಸಾಗಿರುತ್ತದೆ, ಕಲ್ಲಿಗೆ ತಾಗಿದರೆ ಚಕ್ಕೆ ಏಳುತ್ತದೆ. ಅದಕ್ಕೇ ಮೈ ಉಜ್ಜಿ ಹೊಳಪು ಮಾಡಿ ಮತ್ತೆ ನಿಧಾನ ಕಾಯಿಸ್ತಾರೆ. ಬಾಯಿಯ ಬಣ್ಣ ಒಣ ಹುಲ್ಲಿನ ಹಳದಿಯಿಂದ ಕಂದಿಗೆ ತಿರುಗುವಾಗ ನಿಲ್ಲಿಸಬೇಕು. ನೀಲಿ ಬಂದರೆ ಮೆತ್ತಗಾಯಿತು ಅಂತ ತಿಳೀರಿ. ಕಾಕಾ ಬಣ್ಣ ಸರಿಯಾಗಿ ಕಾಣಲಿ ಅಂತಲೇ ಈ ಕೆಲಸವನ್ನು ಕುಲುಮೆಯ ನೆರಳಿನಲ್ಲಿ ಮಾಡ್ತಾರೆ.

ಅಳತೆ ಏನೇನು ಕೊಡಬೇಕು?

1. ಯಾವ ಕೈ? ಬಲವೋ, ಎಡವೋ. ಎಲ್ಲಕ್ಕಿಂತ ಮೊದಲು ಇದನ್ನು ಹೇಳ್ರಿ.

2. ಯಾವ ಬೆಳೆ? ತೊಗರಿ ಕಾಂಡ ಕಟ್ಟಿಗೆಯಂಥದ್ದು. ಅದಕ್ಕೆ ಬೆನ್ನು ದಪ್ಪ ಇರಬೇಕು, ಬಾಗು ಕಡಿಮೆ ಇರಬೇಕು. ಹಸಿ ಮೇವಿಗೆ ತೆಳು ಅಲಗು, ಜಾಸ್ತಿ ಬಾಗು. ಎರಡಕ್ಕೂ ಒಂದೇ ಕುಡಗೋಲು ಅಂದರೆ ಎರಡೂ ಕೆಲಸ ಅರ್ಧ.

3. ಹಿಡಿಕೆ ಎಷ್ಟು ದಪ್ಪ? ಮುಷ್ಟಿ ಕಟ್ಟಿದಾಗ ನಡುಬೆರಳಿನ ತುದಿ ಹೆಬ್ಬೆರಳಿನ ಬುಡದ ಹತ್ತಿರ ಬರಬೇಕು. ಉದ್ದ, ಅಂಗೈ ಅಗಲಕ್ಕಿಂತ ಎರಡು ಬೆರಳು ಜಾಸ್ತಿ. ಪೂರಾ ದುಂಡಗೆ ಬೇಡ, ಮೊಟ್ಟೆಯಂತೆ ಸ್ವಲ್ಪ ಚಪ್ಪಟೆ ಇದ್ದರೆ ಕೈಯೊಳಗೆ ತಿರುಗೋದಿಲ್ಲ. ಹೆಣ್ಣುಮಕ್ಕಳ ಕೈಗೆ ಗಂಡಸರ ಹಿಡಿಕೆ ಕೊಟ್ಟರೆ ಬೆರಳು ಬೇಗ ಸೋಲ್ತವೆ. ಕೊಯ್ಲಿನ ಆಳಿನಲ್ಲಿ ಹೆಚ್ಚಿನವರು ಯಾರು ಅಂತ ನಿಮಗೇ ಗೊತ್ತು.

ಕಾಗದದ ಮೇಲೆ ಅಂಗೈ ಇಟ್ಟು ಸುತ್ತ ಗೆರೆ ಎಳೀರಿ, ಪಕ್ಕದಲ್ಲಿ ಪಟ್ಟಿ ಇಟ್ಟು ಫೋಟೋ ತೆಗೆದು ವಾಟ್ಸ್ಯಾಪ್ ಮಾಡ್ರಿ. ನಾನು ಅವ್ವನ ಕೈ ಅಳತೆ ಹಾಗೇ ಕಳಿಸಿದೆ. ಹಿಡಿಕೆಗೆ ನಮ್ಮ ಬದುವಿನ ಒಣಗಿದ ಜಾಲಿ ಕಟ್ಟಿಗೆ ಕೊಟ್ಟೆವು. ಚಿಂಚೋಳಿ ಕಡೆಯವರು ಅಡವಿಗೆ ಕೈ ಹಾಕಬೇಡ್ರಿ, ಅದು ವನ್ಯಜೀವಿ ಧಾಮ.

ಮಸೆಯುವಾಗ

ನಮ್ಮ ಮನೆ ಮುಂದಿನ ಶಹಾಬಾದ್ ಹಾಸುಗಲ್ಲಿನ ಮೇಲೆ ಉಜ್ಜುವ ರೂಢಿ ಬಿಡ್ರಿ. ಅದು ಸುಣ್ಣದ ಕಲ್ಲು, ಹದ ಕೊಟ್ಟ ಉಕ್ಕಿಗಿಂತ ಮೆತ್ತಗೆ. ಅಂಗಡಿಯ ಸಾಣೆಕಲ್ಲು ತಂದು ನೀರು ಹಾಕಿ ಮಸೀರಿ. ಗ್ರೈಂಡರ್ ಹಚ್ಚಿದರೆ ನಡುನಡುವೆ ನೀರಲ್ಲಿ ಅದ್ದಲೇಬೇಕು. ಬಾಯಿ ಒಮ್ಮೆ ನೀಲಿ ತಿರುಗಿದರೆ ಕಂಬಾರರು ಕೊಟ್ಟ ಹದ ಅಲ್ಲಿಗೆ ಮುಗೀತು.

ಕೊನೆಗೊಂದು ಮಾತು

ಸಂತೆ ಕುಡಗೋಲಿನ ಎರಡರಷ್ಟು ರೊಕ್ಕ ಕೊಟ್ಟೆ. ಕಾಕಾ ಕಡಿಮೆಗೇ ಕೊಡ್ತೇನೆ ಅಂದಿದ್ದರು, ನಾನೇ ಒಪ್ಪಲಿಲ್ಲ. ಅವರ ಮಗ ಈ ಕೆಲಸ ಬಿಟ್ಟು ಪಟ್ಟಣ ಸೇರಿದ್ದಾನೆ. ನಾವು ಸಂತೆಗೇ ಹೋಗ್ತಿದ್ದರೆ ಕುಲುಮೆ ಆರುತ್ತದೆ. ಆಮೇಲೆ ಎಡಗೈ ಕುಡಗೋಲು ಬೇಕು ಅಂದರೆ ಯಾರನ್ನು ಕೇಳೋದು? ನಿಮ್ಮೂರ ಕಂಬಾರರಿಗೆ ಪಿಎಂ ವಿಶ್ವಕರ್ಮ ಯೋಜನೆ ಗೊತ್ತಿಲ್ಲದಿದ್ದರೆ ನೀವೇ ಹೇಳ್ರಿ. 2023ರ ಸೆಪ್ಟೆಂಬರ್ 17ರಂದು ಶುರುವಾದ ಈ ಯೋಜನೆಯ 18 ಕಸುಬುಗಳಲ್ಲಿ ಕಂಬಾರಿಕೆಯೂ ಇದೆ. ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಜೊತೆಗೆ ಶೇ. 5ರ ಬಡ್ಡಿಯಲ್ಲಿ ಸಾಲದ ಅವಕಾಶ ಇಟ್ಟಿದ್ದಾರೆ. ನೋಂದಣಿ ಸಾಮಾನ್ಯ ಸೇವಾ ಕೇಂದ್ರದಲ್ಲಿ. ಮೊಬೈಲ್ ಬಳಸೋದು ನಮಗೆ ಬರುತ್ತದೆ, ಜೊತೆಗೆ ಹೋಗಿ ಮಾಡಿಸಿಕೊಡ್ರಿ.

ಹೊಸ ಕುಡಗೋಲಿನಿಂದ ಅವ್ವ ಮೊದಲು ಕೊಯ್ದದ್ದು ಎಮ್ಮೆಗೆ ಒಂದು ಹೊರೆ ಮೇವು. ಏನೂ ಹೇಳಲಿಲ್ಲ. ಸಂಜೆ ನಾನು ಅದನ್ನೇ ತಗೊಂಡು ಬೇಲಿ ಸವರೋಕೆ ಹೊರಟರೆ ಕೈಯಿಂದ ಕಸಿದುಕೊಂಡಳು. "ಇದು ನಂದು. ನೀ ನಿಂದು ಮಾಡಿಸ್ಕೋ."

ತೊಗರಿ ಕೊಯ್ಲು ಡಿಸೆಂಬರ್‌ಗೆ ಶುರು. ಆಗ ಕುಲುಮೆ ಮುಂದೆ ಸಾಲು ಇರುತ್ತದೆ. ಶೀಗಿ ಹುಣ್ಣಿಮೆ ಹೊತ್ತಿಗೇ ಅಳತೆ ಕೊಟ್ಟುಬಿಡ್ರಿ.