ಬಡತನದ ಮನೆಗೂ ಟಿಕೆಟ್: ಡಾಲಿವುಡ್ ಕಟ್ಟಿದ ಹಾಡುಗಾರ್ತಿ

ಅಮೆರಿಕದ ಟೆನೆಸಿ ರಾಜ್ಯದ ಪಿಜನ್ ಫೋರ್ಜ್ ಊರಿನಲ್ಲಿರುವ ಡಾಲಿವುಡ್‌ಗೆ ವರ್ಷಕ್ಕೆ ಸುಮಾರು 30 ಲಕ್ಷ ಜನ ಬರುತ್ತಾರೆ. ಎದೆ ಝಲ್ಲೆನಿಸುವ ರೋಲರ್ ಕೋಸ್ಟರ್‌ಗಳು, ಕಲ್ಲಿದ್ದಲಿನ ಉಗಿಬಂಡಿ, ಕಮ್ಮಾರರ ಕುಲುಮೆ ಎಲ್ಲವೂ ಇರುವ ಈ ಮನರಂಜನಾ ಉದ್ಯಾನದಲ್ಲಿ ಎರಡೇ ಕೋಣೆಯ ಒಂದು ಮರದ ಮನೆಯೂ ಇದೆ. ಗೋಡೆಗೆ ಹಳೆಯ ಪತ್ರಿಕೆಗಳನ್ನು ಅಂಟಿಸಲಾಗಿದೆ. ಗಾಯಕಿ ಡಾಲಿ ಪಾರ್ಟನ್ ಬೆಳೆದ ಮನೆ ಹೇಗಿತ್ತೋ ಹಾಗೆಯೇ ಇದನ್ನು ಕಟ್ಟಿದ್ದು ಅವರ ತಮ್ಮ ಬಾಬಿ. ಒಳಗಿನ ಸಾಮಾನು ಜೋಡಿಸಿದ್ದು ತಾಯಿ ಏವಿ ಲೀ.

ಡಾಲಿ ಹುಟ್ಟಿದ್ದು 1946ರಲ್ಲಿ, ಪಿಜನ್ ಫೋರ್ಜ್ ಇರುವ ಸಿವಿಯರ್ ಕೌಂಟಿಯ (ಜಿಲ್ಲೆಯ) ಗುಡ್ಡಗಾಡಿನಲ್ಲಿ. ಹನ್ನೆರಡು ಮಕ್ಕಳಲ್ಲಿ ನಾಲ್ಕನೆಯವರು. ಅಪ್ಪ ಕೋರಿಗೆ ಹೊಲ ಮಾಡುತ್ತಿದ್ದವರು. ಹೆರಿಗೆ ಮಾಡಿಸಿದ ವೈದ್ಯ ರಾಬರ್ಟ್ ಥಾಮಸ್ ಅವರಿಗೆ ಸಂದ ಫೀಸು ಒಂದು ಚೀಲ ಮೆಕ್ಕೆಜೋಳದ ಹಿಟ್ಟು. ಆ ವೈದ್ಯರ ಹೆಸರಿನ ಪ್ರಾರ್ಥನಾ ಮಂದಿರವೂ ಇವತ್ತು ಡಾಲಿವುಡ್ ಒಳಗಿದೆ. ಅಮ್ಮ ಚಿಂದಿ ಬಟ್ಟೆ ಜೋಡಿಸಿ ಹೊಲಿದುಕೊಟ್ಟ ಕೋಟು ತೊಟ್ಟು ಶಾಲೆಗೆ ಹೋದಾಗ ಮಕ್ಕಳು ಆಡಿಕೊಂಡು ನಕ್ಕರು. ಆ ಅವಮಾನ 1971ರಲ್ಲಿ ಹಾಡಾಗಿ ಹೊರಬಂದು ಮನೆಮಾತಾಯಿತು.

ಹಾಡು ಕೊಟ್ಟರು, ಹಕ್ಕು ಕೊಡಲಿಲ್ಲ

1964ರಲ್ಲಿ ಹೈಸ್ಕೂಲು ಮುಗಿದ ಮರುದಿನವೇ ಡಾಲಿ ಹಾಡುಗಾರರ ನಗರ ನ್ಯಾಶ್‌ವಿಲ್‌ಗೆ ಬಸ್ಸು ಹತ್ತಿದರು. ಮೂರು ವರ್ಷದಲ್ಲಿ ಗಾಯಕ ಪೋರ್ಟರ್ ವ್ಯಾಗನರ್ ಅವರ ಟಿ.ವಿ. ಕಾರ್ಯಕ್ರಮದಲ್ಲಿ ಜಾಗ ಸಿಕ್ಕಿತು. ಅಷ್ಟರೊಳಗೇ ಸೋದರಮಾವ ಬಿಲ್ ಓವೆನ್ಸ್ ಜತೆ ಸೇರಿ, ತಮ್ಮ ಹಾಡುಗಳ ಹಕ್ಕನ್ನು ತಾವೇ ಇಟ್ಟುಕೊಳ್ಳಲು ಪ್ರಕಾಶನ ಸಂಸ್ಥೆಯೊಂದನ್ನು ಶುರು ಮಾಡಿದ್ದರು. ಡಾಲಿಯ ವ್ಯವಹಾರಕ್ಕೆ ಬುನಾದಿ ಬಿದ್ದದ್ದು ಇಲ್ಲಿ.

ವ್ಯಾಗನರ್ ಬಳಗ ಬಿಡುವಾಗ ಬರೆದ ‘ಐ ವಿಲ್ ಆಲ್ವೇಸ್ ಲವ್ ಯು’ 1974ರಲ್ಲಿ ಜನಪ್ರಿಯವಾಯಿತು. ಎಲ್ವಿಸ್ ಪ್ರೀಸ್ಲಿ ಅದನ್ನು ಹಾಡಲು ಬಯಸಿದರು. ಆದರೆ ಹಕ್ಕಿನಲ್ಲಿ ಅರ್ಧ ಪಾಲು ಬಿಟ್ಟುಕೊಡಬೇಕೆಂದು ಅವರ ವ್ಯವಸ್ಥಾಪಕ ಟಾಮ್ ಪಾರ್ಕರ್ ಪಟ್ಟು ಹಿಡಿದರು. ಡಾಲಿ ಒಪ್ಪಲಿಲ್ಲ; ಆ ರಾತ್ರಿಯೆಲ್ಲ ಅತ್ತರಂತೆ. 1992ರಲ್ಲಿ ‘ದಿ ಬಾಡಿಗಾರ್ಡ್’ ಚಿತ್ರಕ್ಕಾಗಿ ವಿಟ್ನಿ ಹ್ಯೂಸ್ಟನ್ ಅದೇ ಹಾಡನ್ನು ಹಾಡಿದರು. 14 ವಾರ ಅದು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. ಪೂರ್ತಿ ಹಕ್ಕು ಕೈಯಲ್ಲಿದ್ದ ಡಾಲಿಗೆ ರಾಯಲ್ಟಿ ಹೊಳೆಯಾಗಿ ಹರಿದು ಬಂತು.

ಊರಿಗೆ ಬಂದ ಹಣ

ಡಾಲಿವುಡ್ ಶೂನ್ಯದಿಂದ ಹುಟ್ಟಿದ್ದಲ್ಲ. ಹರ್ಷೆಂಡ್ ಕುಟುಂಬ ನಡೆಸುತ್ತಿದ್ದ ಉದ್ಯಾನವೊಂದು ಅಲ್ಲಿತ್ತು. 1986ರಲ್ಲಿ ಡಾಲಿ ಅದರಲ್ಲಿ ಪಾಲುದಾರರಾಗಿ ತಮ್ಮ ಹೆಸರು ಕೊಟ್ಟರು. ಕೆಲಸವಿಲ್ಲದೆ ಗುಳೆ ಹೋಗುತ್ತಿದ್ದ ಗುಡ್ಡಗಾಡಿನವರಿಗೆ ಊರಲ್ಲೇ ದುಡಿಮೆ ಸಿಗಬೇಕೆಂಬ ಆಸೆ ಅದರ ಹಿಂದಿತ್ತು. 2022ರಿಂದ ಇಲ್ಲಿನ ನೌಕರರು ಕಾಲೇಜು ಸೇರಿದರೆ ಶುಲ್ಕ, ಪುಸ್ತಕದ ಖರ್ಚನ್ನು ಕಂಪನಿಯೇ ಭರಿಸುತ್ತದೆ. ಹಂಗಾಮಿ ಕೆಲಸಗಾರರಿಗೂ ಈ ಸೌಲಭ್ಯವಿದೆ.

ಡಾಲಿಯ ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಆ ಕೊರಗಿನಿಂದಲೇ 1995ರಲ್ಲಿ ‘ಇಮ್ಯಾಜಿನೇಷನ್ ಲೈಬ್ರರಿ’ ಶುರುವಾಯಿತು. ಹುಟ್ಟಿನಿಂದ ಐದು ವರ್ಷದವರೆಗೆ ಮಗುವಿನ ಹೆಸರಿಗೇ ತಿಂಗಳಿಗೊಂದು ಪುಸ್ತಕ ಅಂಚೆಯಲ್ಲಿ ಉಚಿತವಾಗಿ ಬರುತ್ತದೆ. ಒಂದು ಕೌಂಟಿಯಲ್ಲಿ ಆರಂಭವಾದ ಯೋಜನೆ ಐದು ದೇಶಗಳಿಗೆ ಹಬ್ಬಿ, 20 ಕೋಟಿಗೂ ಹೆಚ್ಚು ಪುಸ್ತಕ ಹಂಚಿದೆ.

ಕಷ್ಟದಿಂದ ಮೇಲೆ ಬಂದ ಕಲಾವಿದರು ಎಲ್ಲ ದೇಶದಲ್ಲೂ ಇದ್ದಾರೆ. ಯಾರೋ ಚಾಚಿದ ಕಾಗದಕ್ಕೆ ಸಹಿ ಹಾಕಿ, ಹೆಸರಿದ್ದೂ ಹಣವಿಲ್ಲದೆ ಮುಗಿದವರೂ ಕಡಿಮೆಯಿಲ್ಲ. ಡಾಲಿ ಕಾಗದ ಓದಿ ಸಹಿ ಹಾಕಿದರು, ಬೇಡವೆನ್ನಿಸಿದಾಗ ಹಾಕಲಿಲ್ಲ.